ಅಕ್ಷರ ಬಲ್ಲವರ ಬಿಗುಮಾನ

‘ದೇವಕಣ’ ಎಂಬ ಪದ ಕೇಳಿದಾಗಲೆಲ್ಲ ನನಗೆ ರೇಗುತ್ತದೆ. 2012ರಲ್ಲಿ ಜಿನೀವಾ ಬಳಿಯ ಸರ್ನ್‌ನಲ್ಲಿ ಹಿಗ್ಸ್ ಕಣ ಸಿಕ್ಕಿತಲ್ಲ, ಅಂದಿನಿಂದ ಅದೇ ನಮಗೆಲ್ಲ ಮೈತೂಕ ಕೊಟ್ಟ ದೇವರು! ಪ್ರೋಟಾನಿನೊಳಗಿನ ಮೂರು ಕ್ವಾರ್ಕುಗಳಿಗೆ ಹಿಗ್ಸ್ ದಯಪಾಲಿಸಿದ ದ್ರವ್ಯರಾಶಿಯನ್ನು ಕೂಡಿಸಿ ನೋಡಿ. ಪ್ರೋಟಾನಿನದರಲ್ಲಿ ಅದು ಶೇಕಡಾ 1ರ ಆಸುಪಾಸು. ಮಿಕ್ಕದ್ದು ಬಹುಮಟ್ಟಿಗೆ ಕ್ವಾರ್ಕುಗಳನ್ನು ಬಿಗಿದು ಹಿಡಿದ ಪ್ರಬಲ ಬಲದ ಶಕ್ತಿಯಿಂದ ಬಂದದ್ದು.

ಆ ಬಲದ ಸಮೀಕರಣ 1973ರಿಂದಲೂ ಕೈಯಲ್ಲಿದೆ. ಅದಕ್ಕೇ ಕೆಲವರಿಗೆ ಬಿಗುಮಾನ: ‘ಮೂಲನಿಯಮ ಗೊತ್ತಾಯಿತು, ಇನ್ನು ಹೊಸ ಹೊಸ ಹ್ಯಾಡ್ರಾನು ಹುಡುಕುವುದೆಂದರೆ ಅಂಚೆಚೀಟಿ ಸಂಗ್ರಹ.’ ಓದಿಕೊಂಡವರ ಬಾಯಲ್ಲೇ ಈ ಮಾತು ಕೇಳಿದ್ದೇನೆ. ವರ್ಣಮಾಲೆ ಕಲಿತವರಿಗೆಲ್ಲ ಪಂಪ ಒಲಿದನೇ?

ಹ್ಯಾಡ್ರಾನ್ ಎಂದರೆ ಕ್ವಾರ್ಕುಗಳಿಂದಾದ ಕಣ. ಒಂದೋ ಮೂರು ಕ್ವಾರ್ಕು, ಇಲ್ಲವೇ ಕ್ವಾರ್ಕ್-ಪ್ರತಿಕ್ವಾರ್ಕ್ ಜೋಡಿ. ಪಠ್ಯಪುಸ್ತಕ ಇಷ್ಟಕ್ಕೇ ನಿಲ್ಲುತ್ತದೆ. ನಾಲ್ಕು, ಐದು ಸೇರಿದರೂ ಆದೀತೆಂದು ಗೆಲ್‌ಮನ್ 1964ರಲ್ಲೇ ಬರೆದಿದ್ದ. 2003ರಲ್ಲಿ ಜಪಾನಿನ ಬೆಲ್ ಪ್ರಯೋಗದಲ್ಲಿ ಎಕ್ಸ್(3872) ಕಾಣಿಸಿತು. ಅದರ ದ್ರವ್ಯರಾಶಿ ಎರಡು ಡಿ-ಮೆಸಾನುಗಳ ಮೊತ್ತಕ್ಕೆ ಎಷ್ಟು ಹತ್ತಿರವೆಂದರೆ, ವ್ಯತ್ಯಾಸ ಅಳೆಯುವುದೇ ಕಷ್ಟ. ನಾಲ್ಕು ಕ್ವಾರ್ಕುಗಳ ಒಂದೇ ಗಂಟೋ, ಎರಡು ಮೆಸಾನುಗಳ ಸಡಿಲ ಸಖ್ಯವೋ? ಇಪ್ಪತ್ತು ವರ್ಷ ಕಳೆದರೂ ಜಗಳ ಮುಗಿದಿಲ್ಲ.

ಗೇಲಿ ಮಾಡುವವರು ಅದೇ 2003ರ ಇನ್ನೊಂದು ಕಥೆ ತೆಗೆಯುತ್ತಾರೆ. ಐದು ಕ್ವಾರ್ಕಿನ ‘ಥೀಟಾ ಪ್ಲಸ್’ ಸಿಕ್ಕಿತೆಂದು ಜಪಾನಿನಿಂದ ಸುದ್ದಿ ಬಂತು. ನಾವೂ ಕಂಡೆವೆಂದು ಹಲವು ಪ್ರಯೋಗಾಲಯಗಳು ದನಿಗೂಡಿಸಿದವು. 2005ರಲ್ಲಿ ಅಮೆರಿಕದ ಜೆಫರ್ಸನ್ ಲ್ಯಾಬ್ ಹಲವು ಪಟ್ಟು ಹೆಚ್ಚು ದತ್ತಾಂಶ ಜಾಲಾಡಿದಾಗ ಕಣವೇ ಇಲ್ಲ. ನಿಜ, ಮುಜುಗರವೇ. ಆದರೆ ಆ ಸುಳ್ಳನ್ನು ಹಿಡಿದವರು ಯಾರು? ಇದೇ ‘ಅಂಚೆಚೀಟಿ’ಯವರು. 2015ರಲ್ಲಿ ಸರ್ನ್‌ನ ಎಲ್‌ಎಚ್‌ಸಿ-ಬಿ ಪ್ರಯೋಗ ಐದು ಕ್ವಾರ್ಕಿನ ಕಣಗಳನ್ನು ತೋರಿಸಿತು; 2019ರಲ್ಲಿ ಇನ್ನಷ್ಟು ದತ್ತಾಂಶ ಸೇರಿದಾಗ ಅಂದಿನ ಒಂದು ಶಿಖರ ಎರಡಾಗಿ ಒಡೆಯಿತು. ಯಾವ ಅಂಚೆಚೀಟಿ ಹೀಗೆ ಒಡೆಯುತ್ತದೆ?

2021ರಲ್ಲಿ ಅದೇ ಪ್ರಯೋಗ ಎರಡು ಚಾರ್ಮ್ ಕ್ವಾರ್ಕುಗಳಿರುವ ಟಿ-ಸಿಸಿ ಎಂಬ ಕಣವನ್ನು ಕಂಡಿತು. ಚಾರ್ಮು, ಪ್ರತಿಚಾರ್ಮುಗಳ ಮಾಮೂಲಿ ಜೋಡಿ ಎಂದು ಇದನ್ನು ತಳ್ಳಿಹಾಕುವಂತಿಲ್ಲ, ನಾಲ್ಕಾದರೂ ಇರಲೇಬೇಕು. ಇಂಥದ್ದೊಂದು ಅಂಟಿಕೊಂಡು ನಿಲ್ಲುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಹೇಳಿದವರಿದ್ದರು, ನಿಲ್ಲುವುದಿಲ್ಲ ಎಂದವರೂ ಇದ್ದರು. ಇಬ್ಬರೂ ನಂಬಿದ್ದು ಅದೇ 1973ರ ಸಮೀಕರಣವನ್ನು.