ದುಡಿಮೆಯ ನಡುವೆ ಊಟದ ಬಿಡುವು: ಹಕ್ಕೊತ್ತಾಯಗಳ ಮನವಿ ಪತ್ರ

ಗೆ,
ಮಾನ್ಯ ಕಾರ್ಯದರ್ಶಿಗಳು,
ಕಾರ್ಮಿಕ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು
(ಮಾನ್ಯ ಜಿಲ್ಲಾಧಿಕಾರಿಗಳು, ಶಿವಮೊಗ್ಗ ಜಿಲ್ಲೆ, ಇವರ ಮೂಲಕ)

ಇಂದ,
ಹೆಗ್ಗೋಡು ಮತ್ತು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ಸುಲಿಯುವವರು, ತೋಟದ ಕೆಲಸಗಾರರು ಹಾಗೂ ಅಂಗಡಿ ನೌಕರರು

ವಿಷಯ: ಕೆಲಸದ ನಡುವಿನ ಊಟದ ಬಿಡುವನ್ನು ಅಧಿಸೂಚನೆಯ ಮೂಲಕ ಖಾತ್ರಿಪಡಿಸುವಂತೆ ಕೋರಿ.

ಮಾನ್ಯರೇ,

ದೀಪಾವಳಿಯ ಆಸುಪಾಸಿನಲ್ಲಿ ನಮ್ಮ ಸೀಮೆಯಲ್ಲಿ ಅಡಿಕೆ ಕೊನೆಗಳ ಕೊಯ್ಲು ಕಾವೇರುತ್ತದೆ. ಮರದಿಂದ ಇಳಿಸಿದ ಹಸಿ ಅಡಿಕೆಯನ್ನು ಹೆಚ್ಚು ದಿನ ಇಟ್ಟುಕೊಳ್ಳಲಾಗದು. ಬೇಗ ಸುಲಿದು, ಚೊಗರಿನಲ್ಲಿ ಬೇಯಿಸಿ, ಬಿಸಿಲಿಗೆ ಹರವದಿದ್ದರೆ ಮಾಲು ಕೆಡುತ್ತದೆ, ದರ ಬೀಳುತ್ತದೆ. ಆ ಅವಸರವೆಲ್ಲ ಕೊನೆಗೆ ಬಂದು ಕೂರುವುದು ಮೆಟ್ಟುಗತ್ತಿಯ ಮುಂದಿರುವವರ ಮೇಲೆ. ಅವರಲ್ಲಿ ಬಹುಪಾಲು ಹೆಂಗಸರು. ಮನೆಯಲ್ಲಿ ಅಡುಗೆ ಮುಗಿಸಿ, ಬುತ್ತಿ ಕಟ್ಟಿಕೊಂಡು, ಬೆಳಗಿನ ಬಸ್ಸಿಗೋ ಕಾಲ್ನಡಿಗೆಯಲ್ಲೋ ಬಂದು ಕೂತರೆ ಕತ್ತಲಾದ ಮೇಲೂ ದೀಪದ ಬೆಳಕಿನಲ್ಲಿ ಸುಲಿಯುವುದುಂಟು.

ಈ ಕೆಲಸದ ಕೂಲಿ ಗಂಟೆಯ ಲೆಕ್ಕದಲ್ಲಿಲ್ಲ. ಡಬ್ಬಿಗೆ ಇಷ್ಟು, ಕೆಲವು ಕಡೆ ಕಿಲೋಗೆ ಇಷ್ಟು. ಹೀಗಾಗಿ ಊಟಕ್ಕೆ ಎದ್ದವಳ ಡಬ್ಬಿ ಅಷ್ಟು ಹೊತ್ತು ತುಂಬುವುದಿಲ್ಲ. ಏಳಬೇಡ ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಲೆಕ್ಕವೇ ಅವಳನ್ನು ಕೂರಿಸಿಬಿಡುತ್ತದೆ. ಬಾಣಂತನ ಮುಗಿಸಿ ಬಂದವಳು, ಸಕ್ಕರೆ ಕಾಯಿಲೆಗೆ ಹೊತ್ತು ಹೊತ್ತಿಗೆ ಮಾತ್ರೆ ನುಂಗಬೇಕಾದವಳು ಕೂಡ ಇನ್ನೊಂದು ಡಬ್ಬಿ ಆಗಲಿ ಎಂದು ಹಸಿವನ್ನು ಮುಂದೂಡುತ್ತಾರೆ. ಎದ್ದರೂ ಕೈ ತೊಳೆಯುವುದೇ ಒಂದು ಕೆಲಸ. ಚೊಗರು ಬೆರಳ ಸಂದಿಗೆ, ಉಗುರಿನ ಬುಡಕ್ಕೆ ಇಳಿದು ಕಪ್ಪಾಗಿರುತ್ತದೆ, ಬರಿ ನೀರಿಗೆ ಬಿಡುವುದಿಲ್ಲ. ಅದೇ ಕೈಯಲ್ಲಿ ಕಲಸಿದ ಅನ್ನ ಬಾಯಿಗಿಟ್ಟರೆ ಒಗರು. ಸುಲಿಯುವ ಯಂತ್ರ ಬಂದ ಶೆಡ್ಡುಗಳಲ್ಲಿ ಕಥೆ ಬೇರೆಯಾಗಿಲ್ಲ. ಯಂತ್ರ ನಿಲ್ಲಬಾರದೆಂದು ಒಬ್ಬೊಬ್ಬರೇ ಎದ್ದು, ನಾಲ್ಕು ತುತ್ತು ನುಂಗಿ, ಓಡಿ ಬರುತ್ತಾರೆ.

ಮಳೆಗಾಲದಲ್ಲಿ ತೋಟದ ಗಂಡಸರ ಕಷ್ಟ ಇನ್ನೂ ಗಂಭೀರ. ಕೊಳೆರೋಗಕ್ಕೆ ಔಷಧಿ ಹೊಡೆಯುವವರ ಕೈ, ಬಟ್ಟೆ, ಮುಖವೆಲ್ಲ ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣದಲ್ಲಿ ನೆನೆದಿರುತ್ತದೆ. ಮಳೆ ಹೊಳವಾದ ಸ್ವಲ್ಪ ಹೊತ್ತಿನಲ್ಲೇ ಕೆಲಸ ಮುಗಿಸಬೇಕೆಂಬ ಧಾವಂತದಲ್ಲಿ ಸೋಪು ಹಚ್ಚಿ ಕೈ ತೊಳೆಯದೆ ತೋಟದ ಬದುವಿನ ಮೇಲೇ ಕೂತು ಊಟ ಮಾಡಿದರೆ ತಾಮ್ರದ ವಿಷ ಹೊಟ್ಟೆಗೇ ಹೋಗುತ್ತದೆ. ಇವರಿಗೆ ಬಿಡುವಿನ ಜೊತೆ ನೀರು, ಸೋಪು ಇಲ್ಲದಿದ್ದರೆ ಆ ಬಿಡುವು ಪ್ರಯೋಜನಕ್ಕೆ ಬಾರದು.

ಮಧ್ಯಾಹ್ನ ಎಲೆ ಹಾಕಿ ಊಟ ಬಡಿಸುವ, ಸಂಜೆ ಚಹಾ ಕೊಡುವ ತೋಟದ ಮನೆಗಳು ನಮ್ಮಲ್ಲಿ ಇವತ್ತಿಗೂ ಇವೆ ಎಂಬುದನ್ನು ಕೃತಜ್ಞತೆಯಿಂದ ಹೇಳುತ್ತೇವೆ. ಸಣ್ಣ ಹಿಡುವಳಿದಾರರಿಗೂ ಕಷ್ಟಗಳಿವೆ, ಎಷ್ಟೋ ಮನೆಗಳಲ್ಲಿ ಯಜಮಾನತಿಯೇ ನಮ್ಮ ಪಕ್ಕದಲ್ಲಿ ಕೂತು ಸುಲಿಯುತ್ತಾರೆ. ಆದರೆ ಒಬ್ಬರ ಮನೆಯ ಒಳ್ಳೆಯತನ ಪಕ್ಕದ ಮನೆಗೆ ಅನ್ವಯಿಸುವುದಿಲ್ಲ. ಎಲ್ಲರಿಗೂ ಅನ್ವಯಿಸುವುದು ಕಾನೂನು ಮಾತ್ರ.

ಆ ಕಾನೂನಿನ ಸ್ಥಿತಿಯನ್ನು ತಮ್ಮ ಗಮನಕ್ಕೆ ತರುತ್ತಿದ್ದೇವೆ. 1948ರ ಕಾರ್ಖಾನೆಗಳ ಕಾಯ್ದೆಯ 55ನೇ ಕಲಂ, 5 ಗಂಟೆ ದುಡಿಯುವುದರೊಳಗೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕೆಂದಿತ್ತು. 2023ರಲ್ಲಿ ನಮ್ಮ ರಾಜ್ಯವೇ ತಂದ ತಿದ್ದುಪಡಿ ಆ 5 ಗಂಟೆಯನ್ನು 6ಕ್ಕೆ ಹಿಗ್ಗಿಸಲು ದಾರಿ ಮಾಡಿತು. ಅದು ತಪ್ಪು ಹೆಜ್ಜೆಯಾಗಿತ್ತು ಎಂದೇ ನಮ್ಮ ಅಭಿಪ್ರಾಯ. ಪ್ಲಾಂಟೇಶನ್ ಕಾರ್ಮಿಕರ 1951ರ ಕಾಯ್ದೆಯಲ್ಲೂ ಅರ್ಧ ಗಂಟೆಯ ಬಿಡುವಿತ್ತು. ಆದರೆ ಅದು ಹೆಸರಿಸಿದ್ದು ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ ಬೆಳೆಗಳನ್ನು; ಮಲೆನಾಡನ್ನು ಬದುಕಿಸುವ ಅಡಿಕೆ ಆ ಪಟ್ಟಿಯಲ್ಲಿರಲಿಲ್ಲ. 2025ರ ನವೆಂಬರ್ 21ರಿಂದ ಈ ಎರಡೂ ಕಾಯ್ದೆಗಳ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಬಂದಿದೆ. ಅದರ 25ನೇ ಕಲಂ ದಿನಕ್ಕೆ 8 ಗಂಟೆ ಕೆಲಸ ಎಂದು ಹೇಳಿ, ನಡುವಿನ ಬಿಡುವು ಎಷ್ಟಿರಬೇಕೆಂಬುದನ್ನು ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. ಎಂದರೆ ನಮ್ಮ ಊಟದ ಹೊತ್ತು ಈಗ ತಮ್ಮ ಇಲಾಖೆಯ ಲೇಖನಿಯಲ್ಲಿದೆ.

ಆದ್ದರಿಂದ ನಮ್ಮ ಮೊದಲ ಮತ್ತು ಮುಖ್ಯ ಬೇಡಿಕೆ: ಯಾವ ಕೆಲಸಗಾರರನ್ನೂ 4 ಗಂಟೆಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ದುಡಿಸಬಾರದು, ಊಟಕ್ಕೆ ಕನಿಷ್ಠ ಮುಕ್ಕಾಲು ಗಂಟೆ ಕೊಡಬೇಕು ಎಂದು ರಾಜ್ಯದ ಅಧಿಸೂಚನೆಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಅಡಿಕೆ ಸುಲಿತ ಮತ್ತು ಸಂಸ್ಕರಣೆಯನ್ನು ಅದರಲ್ಲಿ ಹೆಸರಿಸಬೇಕು. 10ಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆ ಸಂಹಿತೆ ಬಹುಮಟ್ಟಿಗೆ ಮುಟ್ಟುವುದಿಲ್ಲ. ನಮ್ಮ ಅಂಗಳಗಳಲ್ಲಿ ಐದಾರು ಜನ ಕೂತಿರುವುದೇ ಹೆಚ್ಚು. ಅವರಿಗಾಗಿ ರಾಜ್ಯ ಪ್ರತ್ಯೇಕ ನಿಯಮ ತರಬೇಕು.

ಎರಡನೆಯದು ಡಬ್ಬಿಯ ಲೆಕ್ಕ. ಅಡಿಕೆ ಸುಲಿತದ ಕನಿಷ್ಠ ದರ ನಿಗದಿ ಮಾಡುವಾಗ ಊಟದ ಹೊತ್ತಿನ ಕೂಲಿಯನ್ನೂ ಸೇರಿಸಿ ಲೆಕ್ಕ ಹಾಕಬೇಕು. ಇಲ್ಲದಿದ್ದರೆ ಮೊದಲ ಬೇಡಿಕೆ ಕಾಗದದಲ್ಲೇ ಉಳಿಯುತ್ತದೆ. ಅಳತೆಯ ವಿಷಯದಲ್ಲಿ ಈ ನೆಲಕ್ಕೆ ಹಳೆಯ ನೆನಪಿದೆ. 1951ರಲ್ಲಿ ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದರ ಹಿಂದೆ ಗೇಣಿ ಅಳೆಯುವ ಕೊಳಗದ ಮೋಸವೂ ಇತ್ತು. ಆ ಸತ್ಯಾಗ್ರಹಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳೆಯುವ ಪಾತ್ರೆ ನ್ಯಾಯವಾಗಿರಬೇಕೆಂದು ಅಂದು ನಮ್ಮ ಹಿರಿಯರು ಕೇಳಿದ್ದನ್ನೇ ನಾವೂ ಕೇಳುತ್ತಿದ್ದೇವೆ.

ಮೂರನೆಯದಾಗಿ, ಸಾಗರ, ಹೊಸನಗರ, ತೀರ್ಥಹಳ್ಳಿ ಪೇಟೆಗಳ ಅಂಗಡಿ ನೌಕರರ ಊಟದ ಬಿಡುವಿಗೆ ಹೊಸ ಕಾನೂನೇ ಬೇಕಿಲ್ಲ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 8ನೇ ಕಲಂ 5 ಗಂಟೆಯೊಳಗೆ ಪೂರ್ತಿ 1 ಗಂಟೆಯ ಬಿಡುವು ಕೊಟ್ಟಿದೆ. ಜವಳಿ ಅಂಗಡಿಯ ಹುಡುಗಿಯರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆ? ಗಿರಾಕಿ ಬಂದರೆಂದು ಅರ್ಧ ಊಟದಲ್ಲಿ ಏಳುವುದು, ಗೋದಾಮಿನ ಮೂಲೆಯಲ್ಲಿ ಬಟ್ಟೆಯ ಕಟ್ಟಿನ ಮೇಲೆ ಕೂತು ಉಣ್ಣುವುದು ಅವರ ದಿನಚರಿ. ಈ ಕಲಮನ್ನು ಪ್ರತಿ ಅಂಗಡಿಯಲ್ಲಿ ಕನ್ನಡದಲ್ಲಿ, ಕಣ್ಣಿಗೆ ಬೀಳುವಂತೆ ಹಾಕಿಸಬೇಕು. ಕಾರ್ಮಿಕ ನಿರೀಕ್ಷಕರು ಮಧ್ಯಾಹ್ನ 1ರಿಂದ 3ರ ನಡುವೆಯೇ ಭೇಟಿ ಕೊಡಬೇಕು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲೇ ಕೊಟ್ಟಿವೆ. ಕರ್ನಾಟಕವೂ ಕೊಡಬೇಕು.

ಉಳಿದಂತೆ, ಕೆಲಸದ ಜಾಗದಲ್ಲಿ ಕುಡಿಯುವ ನೀರು, ಕೈ ತೊಳೆಯಲು ಸೋಪು, ಉಣ್ಣಲು ನೆರಳು, ಹೆಂಗಸರಿಗೆ ಶೌಚಾಲಯ ಕಡ್ಡಾಯವಾಗಬೇಕು. ಸಂಹಿತೆ ಕ್ಯಾಂಟೀನಿಗೆ 100 ಕೆಲಸಗಾರರ ಮಿತಿ ಹಾಕಿದೆ. ನಮ್ಮ ಅಡಿಕೆ ಸುಲಿಯುವ ಶೆಡ್ಡುಗಳು ಅಷ್ಟು ದೊಡ್ಡವಲ್ಲ. ನಾವು ಕ್ಯಾಂಟೀನು ಕೇಳುತ್ತಿಲ್ಲ, ಬುತ್ತಿ ಮನೆಯಿಂದಲೇ ತರುತ್ತೇವೆ.

ಮುಂದಿನ ಕೊಯ್ಲಿಗೆ ಮುನ್ನ ಅಧಿಸೂಚನೆ ಹೊರಡಿಸಬೇಕು, ಅದಕ್ಕೂ ಮೊದಲು ಕೆಲಸಗಾರರು ಮತ್ತು ಬೆಳೆಗಾರರು ಇಬ್ಬರನ್ನೂ ಕೂರಿಸಿಕೊಂಡು ಹೆಗ್ಗೋಡಿನಲ್ಲೇ ಒಂದು ಸಭೆ ಕರೆಯಬೇಕು ಎಂದು ವಿನಂತಿಸುತ್ತೇವೆ. ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಹಿ ಮತ್ತು ಹೆಬ್ಬೆಟ್ಟಿನ ಗುರುತು ಹಾಕಿದ ಎಲ್ಲ ಕೆಲಸಗಾರರು

ಸ್ಥಳ: ಹೆಗ್ಗೋಡು, ಸಾಗರ ತಾಲ್ಲೂಕು

ಪ್ರತಿ: ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಹಶೀಲ್ದಾರರಿಗೆ, ಮಾಹಿತಿಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ.