ಶ್ರೀರಂಗಪಟ್ಟಣದ ಕಂಬಕ್ಕೆ ಒಂದು ಜೊತೆಗಲ್ಲು

ಶ್ರೀರಂಗಪಟ್ಟಣದ ಕೋಟೆಯ ಗೋಡೆ 1799ರಲ್ಲಿ ಒಡೆದ ಸ್ಥಳದ ಬಳಿ, ಕಾವೇರಿಗೆ ಅಭಿಮುಖವಾಗಿ, ಒಂದು ಸ್ಮಾರಕಸ್ತಂಭವಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಶ್ರೀರಂಗನಾಥನ ದರ್ಶನಕ್ಕೆ ಹೋದವರು ಹೊಳೆಯ ಗಾಳಿಗಾಗಿ ಅತ್ತ ನಡೆದು ಬರುವುದುಂಟು. ಆದರೆ ಅದರ ಮೇಲಿನ ಇಂಗ್ಲಿಷ್ ಬರಹವನ್ನು ನಿಂತು ಓದುವವರು ವಿರಳ. ಜನರಲ್ ಹ್ಯಾರಿಸನ ಕೈಕೆಳಗಿನ ಬ್ರಿಟಿಷ್ ಸೈನ್ಯವು ಪಟ್ಟಣವನ್ನು ಮುತ್ತಿ 1799ನೆಯ ಮೇ 4ರಂದು ಲಗ್ಗೆಯಿಂದ ಹಿಡಿದುದರ ನೆನಪಿಗೂ, ಆ ಕಾರ್ಯದಲ್ಲಿ ಮಡಿದ ಶೂರ ಅಧಿಕಾರಿಗಳ ನೆನಪಿಗೂ ಇದನ್ನು ನಿಲ್ಲಿಸಿದೆಯೆಂದು ಆ ಬರಹವು ಸಾರುತ್ತದೆ. ನಿಲ್ಲಿಸಿದವರಾರು? ಕಂಪೆನಿಯವರಲ್ಲ, ವೈಸರಾಯರೂ ಅಲ್ಲ. 1907ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ಮೈಸೂರು ಸರ್ಕಾರ.

ಪಟ್ಟಣವನ್ನು ಕಳೆದುಕೊಂಡ ನಾಡೇ, ನೂರೆಂಟು ವರ್ಷಗಳ ತರುವಾಯ, ಅದನ್ನು ಹಿಡಿದವರಿಗೆ ತನ್ನ ಬೊಕ್ಕಸದ ಹಣದಿಂದ ಕಂಬ ನೆಟ್ಟ ಈ ಸಂಗತಿಯು ಮೊದಲು ಓದಿದವನ ಮನಸ್ಸನ್ನು ಕುಟುಕದೆ ಇರದು. ಆದರೂ ದುಡುಕಿ ಮಾತನಾಡುವುದು ನ್ಯಾಯವಲ್ಲ. ಮೇ 4ನೆಯ ತಾರೀಖು ಒಡೆಯರ ಮನೆತನಕ್ಕೆ ಸೋಲಿನ ದಿನವಾಗಿರಲಿಲ್ಲ. ಹೈದರನು 1761ರಲ್ಲಿ ರಾಜ್ಯದ ಸೂತ್ರಗಳನ್ನು ಕೈಗೆ ತೆಗೆದುಕೊಂಡ ಮೇಲೆ ನಾಮಮಾತ್ರಕ್ಕೆ ಇಳಿದಿದ್ದ ಆ ಮನೆತನದ ಐದು ವರ್ಷದ ಬಾಲಕನೊಬ್ಬನನ್ನು 1799ನೆಯ ಜೂನ್ 30ರಂದು ಮೈಸೂರಿನಲ್ಲಿ ಸಿಂಹಾಸನದ ಮೇಲೆ ಕೂರಿಸಿದುದು ಆ ಲಗ್ಗೆಯ ಫಲವೇ. ಅದಕ್ಕೆ ಬೆಲೆಯೂ ಇದ್ದಿತು. ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡಗಳ ಪೊಗದಿಯನ್ನು ಅದೇ ವರ್ಷದ ಒಪ್ಪಂದ ವಿಧಿಸಿತು. 1831ರಲ್ಲಿ ಆಡಳಿತವನ್ನೇ ಕಸಿದುಕೊಂಡು, ಐವತ್ತು ವರ್ಷ ತಾವೇ ಆಳಿ, 1881ರಲ್ಲಿ ಷರತ್ತುಗಳೊಡನೆ ಹಿಂದಿರುಗಿಸಲಾಯಿತು. ಇಂತಹ ಸ್ಥಿತಿಯಲ್ಲಿದ್ದ ಸಂಸ್ಥಾನವು, ರೆಸಿಡೆಂಟರ ಕಣ್ಣೆದುರಿನಲ್ಲಿ, ಬೇರೆ ಯಾವ ಬರಹವನ್ನು ಕೆತ್ತಿಸಬಹುದಾಗಿತ್ತು? ಕೃತಜ್ಞತೆ ಎಷ್ಟು, ಪರಾಧೀನತೆ ಎಷ್ಟು ಎಂಬುದನ್ನು ಆ ಕಲ್ಲಿನಿಂದ ಬೇರ್ಪಡಿಸಲಾಗದು.

ಹಾಗೆಂದು ಕಂಬವನ್ನು ಕೆಡವಬೇಕೆನ್ನುವವರ ಪಕ್ಷವನ್ನು ನಾವು ವಹಿಸುವುದಿಲ್ಲ. ಕಲ್ಕತ್ತೆಯ ಹಾಲ್‌ವೆಲ್ ಸ್ಮಾರಕದ ವಿರುದ್ಧ ಸುಭಾಷ ಬಾಬುಗಳು ಚಳವಳಿ ಹೂಡಿದರು. 1940ರಲ್ಲಿ ಅದನ್ನು ನಡುಬೀದಿಯಿಂದ ಎತ್ತಿ ಚರ್ಚಿನ ಆವರಣದಲ್ಲಿಟ್ಟರು. ಮದರಾಸಿನ ನೀಲ್ ದೊರೆಯ ಪ್ರತಿಮೆ 1937ರಲ್ಲಿ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಅವು ಪೇಟೆಯ ನಡುವೆ ನಿಂತು ದಿನವೂ ಜನರನ್ನು ಹಂಗಿಸುತ್ತಿದ್ದ ವಸ್ತುಗಳು. ಶ್ರೀರಂಗಪಟ್ಟಣದ ಕಂಬವಾದರೋ ಘಟನೆ ನಡೆದ ನೆಲದ ಮೇಲೆಯೇ ಇದೆ. ಅದನ್ನು ತೆಗೆದರೆ, ಸೈನ್ಯವು ಹೊಳೆಯನ್ನು ಹಾದು ಒಳನುಗ್ಗಿದುದು ಎಲ್ಲಿ ಎಂಬ ಗುರುತೂ ಅಳಿಯುವುದು. ಮೈಸೂರು ಒಂದು ಕಾಲದಲ್ಲಿ ಎಷ್ಟು ಬಾಗಿತ್ತೆಂಬ ಸಾಕ್ಷ್ಯವೂ ಅಳಿಯುವುದು. ಎರಡನೆಯದನ್ನು ಉಳಿಸಿಕೊಳ್ಳುವುದೇ ಹೆಚ್ಚು ಅವಶ್ಯಕವೆಂದು ನಮಗೆ ತೋರುತ್ತದೆ.

ದಿಲ್ಲಿಯಲ್ಲಿ ಇದಕ್ಕಿಂತ ವಿವೇಕದ ಮಾರ್ಗವೊಂದನ್ನು ಹಿಡಿದರು. 1857ರಲ್ಲಿ ಮಡಿದ ಬ್ರಿಟಿಷ್ ಪಕ್ಷದವರಿಗಾಗಿ ಅಲ್ಲಿನ ದಿಣ್ಣೆಯ ಮೇಲೆ ಕಟ್ಟಿದ ಗೋಪುರದ ಬರಹದಲ್ಲಿ ದಂಗೆಯೆದ್ದವರನ್ನು ಶತ್ರುಗಳೆಂದು ಕರೆದಿದೆ. 1972ರಲ್ಲಿ ಸರ್ಕಾರವು ಹಳೆಯ ಬರಹವನ್ನು ಮುಟ್ಟದೆ ಮತ್ತೊಂದು ಫಲಕವನ್ನು ಹಾಕಿ, ಇಲ್ಲಿ ಶತ್ರುಗಳೆಂದಿರುವವರು ಪರರಾಜ್ಯದ ವಿರುದ್ಧ ಹೋರಾಡಿದ ಅಮರ ವೀರರು ಎಂಬರ್ಥದ ಮಾತುಗಳನ್ನು ಬರೆಸಿತು. ಓದುವವನಿಗೆ ಎರಡೂ ದೊರೆಯುತ್ತವೆ.

ನಮ್ಮ ಕಂಬದ ಬಳಿಯಲ್ಲಿ ಅಂತಹ ಎರಡನೆಯ ಕಲ್ಲೊಂದು ಬೇಕು, ಅದು ಕನ್ನಡದಲ್ಲಿರಬೇಕು. ಲಗ್ಗೆಗೆ ಸ್ವಲ್ಪ ಮುಂಚೆ ಗುಂಡು ತಗುಲಿ ಸತ್ತ ಸಯ್ಯದ್ ಗಫಾರನ ಹೆಸರು ಚರಿತ್ರೆಯಲ್ಲಿದೆ. ಆ ಒಡಕಿನಲ್ಲಿ ಹೆಣವಾದ ಸಾವಿರಾರು ಮಂದಿಯ ಹೆಸರನ್ನು ಬರೆದಿಟ್ಟವರಿಲ್ಲ. ಹೆಸರಿಲ್ಲದಿದ್ದರೆ ಹೆಸರಿಲ್ಲದವರೆಂದೇ ಬರೆಯಲಿ. ಅತ್ತ ಕಡೆಯಲ್ಲಿ ಕಂಪೆನಿಯ ಸಂಬಳಕ್ಕಾಗಿ ಸತ್ತ ಮದರಾಸು, ಮುಂಬಯಿ ಪಡೆಗಳ ಸಿಪಾಯಿಗಳಿಗೂ ಅದರಲ್ಲಿ ಒಂದು ಸಾಲು ಇರಲಿ. ಅವರೂ ಈ ದೇಶದ ತಾಯಂದಿರ ಮಕ್ಕಳೇ.

ಟಿಪ್ಪುವಿನ ವಿಷಯದಲ್ಲಿ ನಾಡಿನೊಳಗೆ ತೀವ್ರವಾದ ಭಿನ್ನಾಭಿಪ್ರಾಯವಿದೆ. ಕೊಡಗಿನವರ ನೋವನ್ನಾಗಲಿ ಮೇಲುಕೋಟೆಯವರ ನೋವನ್ನಾಗಲಿ ಹಗುರಮಾಡುವ ಇಚ್ಛೆ ನಮಗಿಲ್ಲ. ಆದರೆ ಈ ಕಲ್ಲು ಸುಲ್ತಾನನಿಗಲ್ಲ. ಆತನ ದೇಹ ದೊರೆತ ಸ್ಥಳದಲ್ಲಿ ಬೇರೆ ಕಲ್ಲಿದೆ, ಸಮಾಧಿಯ ಮೇಲೆ ಗುಂಬಜವಿದೆ. ಗೋಡೆಯ ಮೇಲೆ ನಿಂತ ಬಡ ಸಿಪಾಯಿಗೆ ಇವೆರಡೂ ಇಲ್ಲ.

ಸತ್ತವರಿಗೆ ಕಲ್ಲು ನಿಲ್ಲಿಸುವುದನ್ನು ಈ ನಾಡಿಗೆ ಇಂಗ್ಲಿಷರು ಕಲಿಸಬೇಕಾಗಿರಲಿಲ್ಲ. ವೀರಗಲ್ಲಿಲ್ಲದ ಹೋಬಳಿ ನಮ್ಮಲ್ಲಿ ಅಪರೂಪ. ಅದೇ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಕಲ್ಲೊಂದು ದೊರೆತಿದೆ. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ಬೂತುಗನಿಂದ ಮಣಲೆರನು ಬೇಡಿ ಪಡೆದ ಬೇಟೆನಾಯಿಯೊಂದು ಹಂದಿಯೊಡನೆ ಹೋರಾಡಿ ಸತ್ತುದನ್ನು ಅದರಲ್ಲಿ ಕನ್ನಡದಲ್ಲಿ ಕೆತ್ತಿದ್ದಾರೆ. ನಾಯಿಯ ಹೆಸರು ಕಾಳಿ. ಸಾವಿರ ವರ್ಷಗಳ ಹಿಂದೆ ನಾಯಿಯ ಹೆಸರನ್ನು ಮರೆಯದಿದ್ದ ಸೀಮೆಯಲ್ಲಿ, ಕೋಟೆ ಕಾದ ಮನುಷ್ಯರಿಗೆ ಒಂದು ಸಾಲೂ ಇಲ್ಲ!

ಬೆಂಗಳೂರಿನ ಕೋಟೆಯಲ್ಲಿಯೂ ಇದೇ ಲೋಪ. 1791ನೆಯ ಮಾರ್ಚ್ 21ರಂದು ಬ್ರಿಟಿಷರು ಈ ಒಡಕಿನಿಂದ ನುಗ್ಗಿದರೆಂದು ಅಲ್ಲಿನ ಫಲಕವು ಹೇಳುತ್ತದೆ. ಕೋಟೆಯನ್ನು ಕಾಯುತ್ತ ಅಲ್ಲಿಯೇ ಬಿದ್ದ ಕಿಲ್ಲೇದಾರ್ ಬಹದೂರ್ ಖಾನನ ಸುದ್ದಿಯನ್ನು ಎತ್ತುವುದಿಲ್ಲ. ಒಂದು ಕೆಲಸದೊಡನೆ ಇನ್ನೊಂದನ್ನೂ ಮುಗಿಸಬಹುದು.

ರಕ್ಷಿತ ಸ್ಮಾರಕದ ಬಳಿ ಹೊಸದೇನನ್ನೂ ಕಟ್ಟಲು ಕಾನೂನು ಬಿಡದೆಂಬ ಉತ್ತರ ಬರಬಹುದು. ಅದು ಖಾಸಗಿಯವರಿಗೆ ಕೊಡುವ ಉತ್ತರ. ಶ್ರೀರಂಗಪಟ್ಟಣದ ಕಂಬವೂ ಅದರ ಬಳಿಯ ಕೋಟೆಗೋಡೆಯೂ ಇರುವುದು ಭಾರತೀಯ ಪುರಾತತ್ತ್ವ ಇಲಾಖೆಯ ವಶದಲ್ಲಿ. ಅಲ್ಲಿ ಫಲಕಗಳನ್ನು ನಿಲ್ಲಿಸುವವರೂ ಅವರೇ, ಅನುಮತಿ ಕೊಡತಕ್ಕವರೂ ಅವರೇ. ರಾಜ್ಯ ಸರ್ಕಾರವು ಒಂದು ಕಾಗದ ಬರೆಯಲಿ, ವಿದ್ವಾಂಸರಿಂದ ಹತ್ತು ಸಾಲುಗಳ ಪಾಠವನ್ನು ಸಿದ್ಧಪಡಿಸಿ ಕಳುಹಿಸಲಿ. ಮುಂದಿನ ಮೇ 4ರೊಳಗೆ ಕಲ್ಲು ನಿಲ್ಲಲು ಇಷ್ಟು ಸಾಕು.