ಗಡಿ ದಾಟಿದ ಸೊಸೆ ಯಾವ ರಾಜ್ಯದವಳು?

ಬ್ರಿಟನ್ನಿನ ಪ್ರಜೆಯನ್ನು ವರಿಸಿ ಅಲ್ಲಿಗೆ ತೆರಳುವ ನಮ್ಮ ಹೆಣ್ಣುಮಕ್ಕಳು ವೀಸಾ ಶುಲ್ಕದೊಡನೆ ಆರೋಗ್ಯ ಸುಂಕವನ್ನೂ ಮುಂಗಡವಾಗಿ ತೆರಬೇಕು. 2015ರಲ್ಲಿ ವರ್ಷಕ್ಕೆ 200 ಪೌಂಡುಗಳಿದ್ದ ಈ ಸುಂಕ 2024ರಲ್ಲಿ 1,035 ಪೌಂಡುಗಳಿಗೇರಿತು. ಇದು ಅನ್ಯಾಯವೆಂದು ನಾವು ಒಕ್ಕೊರಲಿನಿಂದ ಖಂಡಿಸುತ್ತೇವೆ. ಆದರೆ ಸುಂಕ ತೆತ್ತ ಬಳಿಕ ಅಲ್ಲಿ ಚಿಕಿತ್ಸೆ ಅವಳ ಹಕ್ಕು. ಮಂಡ್ಯದಿಂದಲೋ ಕೋಲಾರದಿಂದಲೋ ಚೆನ್ನೈಗೆ ಮದುವೆಯಾಗಿ ಬರುವ ಬಡಮನೆಯ ಸೊಸೆಯ ಪಾಡೇನು? ಅವಳು ದಾಟಿದ್ದು ಸಮುದ್ರವನ್ನಲ್ಲ, ರಾಜ್ಯದ ಗಡಿಯನ್ನು ಮಾತ್ರ.

ತಮಿಳುನಾಡಿನಲ್ಲಿ 2009ರಲ್ಲಿ ಆರಂಭಗೊಂಡು 2012ರಲ್ಲಿ ಹೊಸ ರೂಪ ತಳೆದ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆ ನಿಸ್ಸಂದೇಹವಾಗಿ ಜನೋಪಕಾರಿಯಾದುದು. ವಾರ್ಷಿಕ ವರಮಾನ 1,20,000 ರೂ. ಮೀರದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆ ಅದರಿಂದ ದೊರೆಯುತ್ತದೆ. ಆದರೆ ಅದರ ಕೀಲಿಕೈ ಪಡಿತರ ಚೀಟಿ. ಚೀಟಿಯಲ್ಲಿ ಹೆಸರಿಲ್ಲದವಳು ವಿಮೆಯ ಪಾಲಿಗೆ ಆ ಮನೆಯವಳೇ ಅಲ್ಲ. ಹೆಸರು ಸೇರಬೇಕಾದರೆ ತವರಿನ ಚೀಟಿಯಿಂದ ಹೆಸರು ತೆಗೆಸಿದ ಪ್ರಮಾಣಪತ್ರ ಬೇಕು. ಕರ್ನಾಟಕದ ಆರೋಗ್ಯ ಯೋಜನೆಗೂ ಪಡಿತರ ಚೀಟಿಯೇ ಆಧಾರವಾದ್ದರಿಂದ, ಹೆಸರು ತೆಗೆಸಿದೊಡನೆ ಅಲ್ಲಿಯ ಆಸರೆಯೂ ತಪ್ಪುತ್ತದೆ. ಅತ್ತ ತವರಿನವಳಲ್ಲ, ಇತ್ತ ಗಂಡನ ಮನೆಯವಳಲ್ಲ! ರೋಗವಾದರೋ ಕಡತ ಮುಗಿಯುವವರೆಗೆ ಕಾಯುವುದಿಲ್ಲ.

ಸರ್ಕಾರಿ ಆಸ್ಪತ್ರೆಗಳು ತೆರೆದಿವೆಯಲ್ಲ ಎನ್ನುವವರುಂಟು. ನಿಜ, ಚೆನ್ನೈಯ ದೊಡ್ಡಾಸ್ಪತ್ರೆ ರೋಗಿಯ ಮಾತೃಭಾಷೆಯನ್ನು ಕೇಳುವುದಿಲ್ಲ. ಆದರೆ ಕುಟುಂಬದ ಉಳಿದವರಿಗೆಲ್ಲ ಸಲ್ಲುವ ವಿಮೆ ಸೊಸೆಗೆ ಮಾತ್ರ ಏಕೆ ಸಲ್ಲಬಾರದು? ಒಬ್ಬರೇ ಎರಡು ರಾಜ್ಯಗಳಲ್ಲಿ ಸೌಲಭ್ಯ ಪಡೆಯಬಾರದೆಂಬ ವಾದವೂ ಇದೆ. ಅದನ್ನು ತಡೆಯಲು ಆಧಾರ್ ಸಂಖ್ಯೆ ಸಾಲದೆ? ಶಿಬಿರಗಳಲ್ಲಿರುವ ಶ್ರೀಲಂಕಾದ ನಿರಾಶ್ರಿತರನ್ನು ವರಮಾನದ ಮಿತಿಯಿಲ್ಲದೆ ಇದೇ ಯೋಜನೆ ಒಳಗೊಂಡಿದೆ. ಶ್ಲಾಘ್ಯವಾದ ಕ್ರಮ. ಮನಸ್ಸಿದ್ದರೆ ನಿಯಮ ಸಡಿಲವಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ದೇಶದಲ್ಲಿ ಎಲ್ಲಿ ಬೇಕಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿದೆ. ಪ್ರದೀಪ್ ಜೈನ್ ಮೊಕದ್ದಮೆಯಲ್ಲಿ, 1984ರಷ್ಟು ಹಿಂದೆಯೇ, ಭಾರತೀಯರಿಗೆ ಇರುವುದು ಭಾರತವೆಂಬ ಒಂದೇ ಅಧಿವಾಸವೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. 'ಒಂದು ದೇಶ, ಒಂದು ಪಡಿತರ ಚೀಟಿ' ಯೋಜನೆಗೆ ತಮಿಳುನಾಡು 2020ರಲ್ಲಿ ಸೇರಿತು. ಅಕ್ಕಿ ಗಡಿ ದಾಟಿತು. ರಾಜ್ಯಗಳ ವಿಮೆ ದಾಟಲಿಲ್ಲ.

ನಮ್ಮ ಬೇಡಿಕೆ ಸರಳ. ಹೊಸ ಚೀಟಿಯಲ್ಲಿ ಹೆಸರು ಸೇರುವವರೆಗೆ ಹಳೆಯ ಚೀಟಿಯ ಹಕ್ಕು ಅಳಿಯಬಾರದು. ವಿವಾಹ ನೋಂದಣಿ ಪತ್ರವೇ ಗಂಡನ ಮನೆಯ ವಿಮೆಗೆ ಸಾಕಾಗಬೇಕು. ರಾಜ್ಯೋತ್ಸವಕ್ಕೆ ಬರುವ ಮಂತ್ರಿಗಳಿಗೆ ಹಾರ ಹಾಕಿ, ಶಾಲು ಹೊದಿಸಿ ಕಳುಹಿಸುವ ಹೊರನಾಡ ಸಂಘಗಳು ಈ ಬಾರಿ ಅವರ ಕೈಗೆ ಈ ಮನವಿಯನ್ನೂ ಕೊಡಲಿ. ಕನ್ನಡತಿಯ ಜೀವ ಉಳಿಸುವುದೂ ಕನ್ನಡದ ಕೆಲಸವೇ.